ಬೇಲಿ ದಾಟಿದ ಸೀಮೆಹುಲ್ಲು

ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದೆ. ಪಕ್ಕದ ಮನೆ ಅಕ್ಕ ಬೇಲಿಯ ಆಚೆಯಿಂದ ಒಂದು ಹೊರೆ ಹುಲ್ಲಿನ ಕಡ್ಡಿಯನ್ನು ಈಚೆಗೆ ದೊಪ್ಪೆಂದು ಹಾಕಿ, "ತಕೊ ತಮ್ಮ, ಬದಿನಲ್ಲಿ ಊರು. ಸುಮ್ನೆ ಬುಟ್ಟಿದ್ದೀಯಲ್ಲ ಆ ಜಾಗವ" ಅಂದರು. ಸೀಮೆಹುಲ್ಲು. ಒಂದೊಂದು ಕಡ್ಡಿಯೂ ಎಳೆ ಕಬ್ಬಿನಷ್ಟು ದಪ್ಪ, ಒಂದೊಂದರಲ್ಲೂ ಲೆಕ್ಕ ಹಾಕಿ ಬಿಟ್ಟ ಹಾಗೆ ಎರಡೇ ಗಿಣ್ಣು. ಒಂದು ಗಿಣ್ಣು ಮಣ್ಣೊಳಗೆ ಹೋಗಬೇಕು, ಇನ್ನೊಂದು ಮೇಲೆ ಕಾಣಬೇಕು, ಕಡ್ಡಿ ನೆಟ್ಟಗೆ ನಿಲ್ಲದೆ ಸ್ವಲ್ಪ ವಾಲಿರಬೇಕು. ನೆಟ್ಟ ಎಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನಲವತ್ತೈದು ದಿನಕ್ಕೊಂದು. ಇಷ್ಟನ್ನೂ ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಇದು ಯಾವ ಹುಲ್ಲಕ್ಕ?" ಅಂದೆ. "ಸಿಓ ನಾಕು" ಅಂದರು. ಆ ಸಿಓ ಅಂದ್ರೆ ಏನು ಅಂತ ನಮ್ಮ ಕಡೆ ಯಾರೂ ಕೇಳೋದಿಲ್ಲ. ಅದು ಕೊಯಮತ್ತೂರಿನ ಕೊ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಸಜ್ಜೆಯನ್ನೂ ನೇಪಿಯರ್ ಹುಲ್ಲನ್ನೂ ಕೂಡಿಸಿ ಬೆಳೆಸಿದ ತಳಿ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ದಾಟಿ, ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಹರವೆಗೆ ಬಂದು, ಕೊನೆಗೆ ನಮ್ಮ ಅಕ್ಕನ ಬೇಲಿ ಹಾರಿ ನನ್ನ ಕಾಲ ಹತ್ತಿರ ಬಿದ್ದಿದೆ. ಒಂದು ಹುಲ್ಲುಕಡ್ಡಿಗೆ ಇಷ್ಟು ಪ್ರಯಾಣ ಸಾಕಲ್ವಾ?

ಹರವೆ ಅಂದ ತಕ್ಷಣ ಹೊರಗಿನವರು ಒಂದು ಮಾತು ಕೇಳಿಯೇ ಕೇಳ್ತಾರೆ. "ಅದು ಸೊಪ್ಪಿನ ಹೆಸರಲ್ವಾ?" ಅಂತ. ಬಸ್ಸಲ್ಲಿ ಕೂತಾಗ ಎಷ್ಟು ಸಲ ಕೇಳಿದ್ದೀನೋ. ಸೊಪ್ಪೂ ಹೌದು, ಊರೂ ಹೌದು, ಹೋಬಳಿಯೂ ಹೌದು. ಆ ಸೊಪ್ಪಿನ ಬೀಜ ನೋಡಿದ್ದೀರಾ? ಸಾಸಿವೆಗಿಂತ ಸಣ್ಣದು, ಕಪ್ಪಗೆ ಮಿಂಚುತ್ತೆ. ಒಂದು ಗಿಡವನ್ನು ಬೀಜಕ್ಕೆ ಅಂತ ಬಿಟ್ಟರೆ ಬೀದಿಯ ಹಿತ್ತಿಲಿಗೆಲ್ಲ ಹಂಚಬಹುದು. ನಮ್ಮ ಅವ್ವ ಅದನ್ನು ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿ ಅಡುಗೆಮನೆಯ ಜಂತೆಗೆ ಸಿಕ್ಕಿಸಿರೋರು. ಯಾರು ಬಂದು ಕೇಳಿದ್ರೂ ಮೂರು ಬೆರಳಲ್ಲಿ ಒಂದು ಚಿಟಿಕೆ. ಅದಕ್ಕೆ ಕಾಸು ಅನ್ನೋ ಮಾತೇ ಇರ್ತಿರಲಿಲ್ಲ.

ಇರಲಿ, ಹುಲ್ಲಿಗೆ ಬರೋಣ. ಈ ಹುಲ್ಲು ನಮ್ಮ ಬೀದಿಗೆ ಬಂದ ಬಗೆಯೇ ಒಂದು ಸ್ವಾರಸ್ಯ. ಸುಮಾರು ವರ್ಷದ ಹಿಂದೆ ಒಬ್ಬ ಅಧಿಕಾರಿ ಬಂದು ಹಾಲಿನ ಸಂಘದ ಮುಂದೆ ಸಭೆ ಮಾಡಿದ್ದರು. ಗೋಡೆಗೆ ಪಟ ತೂಗುಹಾಕಿ, ಹಸಿರು ಮೇವು, ಒಣ ಮೇವು, ಇಷ್ಟಿಷ್ಟು ಕೆಜಿ ಅಂತ ಚೆನ್ನಾಗಿಯೇ ಹೇಳಿದರು. ಎಲ್ಲರೂ ತಲೆ ಆಡಿಸಿ, ಬೋಂಡ ತಿಂದು, ಮನೆಗೆ ಹೋದರು. ಒಂದು ಕಡ್ಡಿಯೂ ನೆಲ ಸೇರಲಿಲ್ಲ. ಅದೇ ಹುಲ್ಲನ್ನು ಕೆಳಗಿನ ಬೀದಿಯ ಒಬ್ಬ ಅಜ್ಜಿ ತನ್ನ ಬಚ್ಚಲ ನೀರು ಹರಿಯುವ ಕಡೆ ನಾಕು ಬುಡ ನೆಟ್ಟಿತು. ಮೂರು ತಿಂಗಳಿಗೆ ಆಳೆತ್ತರ. ಅಜ್ಜಿಯ ಹಸುವಿನ ಹಾಲು ಹೊತ್ತಿಗೆ ಒಂದು ಲೀಟರು ಏರಿತು. ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ. ಹೇಳೋದೇನಿತ್ತು? ಸಂಘದಲ್ಲಿ ಹಾಲು ಅಳೆಯೋದು ಎಲ್ಲರ ಕಣ್ಣೆದುರಿಗೆ. ಹಿಂದೆ ನಿಂತವರು ಕೇಳೇ ಬಿಟ್ಟರು: "ಏನವ್ವ, ಏನ್ ಹಾಕ್ತಿದ್ದೀಯ ಹಸಿಗೆ?" ಆ ವಾರವೇ ಅಜ್ಜಿಯ ಮನೆ ಮುಂದೆ ಕುಡುಗೋಲು ಹಿಡಿದವರ ಸಾಲು.

ಇದನ್ನೆಲ್ಲ ಈಗ ಯಾಕೆ ಎತ್ತಿದೆ ಅಂದ್ರೆ, ಬೆಂಗಳೂರಿನ ಒಂದು ಕಂಪನಿಯಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. "ಮಾವ, ನಮ್ಮ ಕಂಪನಿಯ ವಿಚಾರ ಜನರಲ್ಲಿ ಹರಡಬೇಕು. ಅದಕ್ಕೆ ಜನರದ್ದೇ ಒಂದು ಬಳಗ ಕಟ್ಟಬೇಕು ಅಂತ ಮೇಲಿನವರು ಹೇಳಿದ್ದಾರೆ. ಹೇಗೆ ಕಟ್ಟೋದು?" ಅಂದ. ಪಾಪ, ತಲೆ ಕೆಡಿಸಿಕೊಂಡಿದ್ದ. ನಾನು ಹೇಳಿದೆ: "ಮಗ, ನಾಳೆ ಬೆಳಗ್ಗೆ ಆರು ಗಂಟೆಗೆ ಕ್ಯಾನು ಹಿಡಕೊಂಡು ನನ್ನ ಜೊತೆ ಹಾಲಿನ ಸಂಘಕ್ಕೆ ಬಾ. ನಿನ್ನ ಪ್ರಶ್ನೆ ಅಲ್ಲೇ ನಿಂತಿರುತ್ತೆ."

ಬಂದ. ನೀವೆಲ್ಲ ನೋಡಿರೋದೇ ಬಿಡಿ, ಆದರೂ ಹೇಳಬೇಕು ಅನ್ನಿಸುತ್ತೆ. ಒಂದು ಸಣ್ಣ ಕೋಣೆ, ಹಸಿ ಹಾಲಿನ ವಾಸನೆ, ನೆಲ ತೊಳೆದ ನೀರು ಇನ್ನೂ ಮೋರಿ ಕಡೆ ಹರೀತಿರುತ್ತೆ. ಸ್ಟೀಲಿನ ಕ್ಯಾನು, ಟಿಫನ್ ಕ್ಯಾರಿಯರ್ರು, ಮಗುವೊಂದು ಎರಡೂ ಕೈಲಿ ಹಿಡಿದು ತಂದ ಚೊಂಬು. ಸುರಿದ ಹಾಲಲ್ಲಿ ಚೂರು ತೆಗೆದು ಉದ್ದನೆ ಕೊಳವೆಗೆ ಹಾಕಿ ಅದರಲ್ಲಿ ಲ್ಯಾಕ್ಟೋಮೀಟರ್ ಬಿಡೋರಲ್ಲ, ಆ ಗಾಜಿನ ಕಡ್ಡಿ ಮುಳುಗಿ, ಎದ್ದು, ಮತ್ತೆ ಮುಳುಗಿ, ಕೊನೆಗೆ ಒಂದು ಕಡೆ ನಿಲ್ಲೋವರೆಗೂ ಸಾಲಿನಲ್ಲಿ ಯಾರೂ ಮಾತಾಡೋದಿಲ್ಲ. ಇಪ್ಪತ್ತೆಂಟಕ್ಕೆ ನಿಂತ್ರೆ ನೆಮ್ಮದಿ. ಇಪ್ಪತ್ತೈದಕ್ಕೆ ಇಳಿದ್ರೆ ತಂದವರು ಆಕಾಶ ನೋಡ್ತಾರೆ. ಆಮೇಲೆ ಮತ್ತೆ ಗದ್ದಲ.

ಈಗ ಫ್ಯಾಟು ನೋಡೋಕೆ ಮಿಷನ್ ಬಂದಿದೆ, ನಿಮಿಷದಲ್ಲಿ ಚೀಟಿ ಕೊಡುತ್ತೆ. ನಾನು ಹುಡುಗನಾಗಿದ್ದಾಗ ಗಾಜಿನ ಬುಡ್ಡಿಯ ಕಾಲ. ಹತ್ತು ಮಿಲಿ ಆಸಿಡ್, ಅದರ ಮೇಲೆ 10.75 ಮಿಲಿ ಹಾಲು, ಒಂದು ಮಿಲಿ ಅಮೈಲ್ ಆಲ್ಕೋಹಾಲು, ಬಿರಡೆ ಬಿಗಿದು ಗರಗರ ತಿರುಗಿಸೋದು. ಬುಡ್ಡಿ ಕೈ ಸುಡುವಷ್ಟು ಬಿಸಿಯಾಗೋದು, ಬಟ್ಟೆ ಸುತ್ತಿ ಹಿಡಿಯೋರು. ಹಾಲು ಕಾಫಿ ಬಣ್ಣಕ್ಕೆ ತಿರುಗಿ, ಮೇಲಿನ ಸಣ್ಣ ಕತ್ತಿನಲ್ಲಿ ಜಿಡ್ಡು ಚಿನ್ನದ ಗೆರೆಯ ಹಾಗೆ ನಿಲ್ಲೋದು. ಆ ಹತ್ತೂ ಮುಕ್ಕಾಲು ನನ್ನನ್ನು ಬಹಳ ಕಾಡಿತ್ತು. ಹತ್ತು ಯಾಕಲ್ಲ, ಹನ್ನೊಂದು ಯಾಕಲ್ಲ? ಬುಡ್ಡಿಯ ಕತ್ತಿನ ಮೇಲಿನ ಗೆರೆಗಳನ್ನೇ ಆ ಅಳತೆಗೆ ಕೊರೆದಿರ್ತಾರೆ, ಅಷ್ಟು ಹಾಲು ಹಾಕಿದ್ರೆ ಜಿಡ್ಡು ಎಷ್ಟನೇ ಗೆರೆಗೆ ನಿಂತಿತೋ ಅದೇ ನೂರಕ್ಕೆ ಇಷ್ಟು ಅನ್ನೋ ಲೆಕ್ಕ. ಇಸ್ಕೂಲಿಗೆ ಹೋಗದ ಅಜ್ಜಿಯೂ ಆ ಗೆರೆಯನ್ನು ಬೆಳಕಿಗೆ ಹಿಡಿದು, "ಮೂರೂವರೆ ಅದ, ನೋಡು" ಅಂತ ಓದೋದು. ಅಳತೆ ತನ್ನ ಕಣ್ಣಿಗೆ ಕಂಡ ಮೇಲೆ ಅಜ್ಜಿಗೆ ಸಂಘದ ಮೇಲೆ ಹುಟ್ಟಿದ ನಂಬಿಕೆ ಇದೆಯಲ್ಲ, ಅದನ್ನು ಯಾವ ಜಾಹೀರಾತು ಹುಟ್ಟಿಸೀತು ಹೇಳಿ?

ಹುಡುಗ ಸುಮ್ಮನೆ ನಿಂತು ನೋಡ್ತಿದ್ದ. ಆ ಅರ್ಧ ಗಂಟೆಯಲ್ಲಿ ಅವನ ಕಿವಿಗೆ ಬಿದ್ದದ್ದೇನು? ಯಾರ ಕರುವಿಗೆ ಜಂತುಹುಳದ ಔಷಧಿ ಕೊಟ್ಟರು, ಕೆಚ್ಚಲು ಬಾವು ಬಂದ್ರೆ ಮೊದಲು ಏನು ಮಾಡಬೇಕು, ಯಾವ ಹಿಂಡಿ ಬೂಷ್ಟು ಹಿಡಿದಿತ್ತು, ಬಟವಾಡೆ ಯಾವತ್ತು, ಕುದೇರಿನ ಡೇರಿಯಿಂದ ಗಾಡಿ ಯಾಕೆ ತಡ. ಜಿಲ್ಲಾ ಹಾಲು ಒಕ್ಕೂಟವಾದ ಚಾಮುಲ್‌ನವರು ಊರೂರಿಗೆ ಹೇಳಬೇಕಾದ ವಿಷಯವೆಲ್ಲ ಆ ಸಾಲಿನಲ್ಲಿ ತಾನೇ ನಡೆದುಕೊಂಡು ಹೋಗ್ತಿತ್ತು.

ಸಾಲು ಅಂದ ಕೂಡಲೇ ನೆನಪಾಯ್ತು ನೋಡಿ. ನಮ್ಮ ಕಡೆ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಕಥೆಯೂ ಸಾಲಿನಲ್ಲೇ ಇರೋದು. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು. ಚಿಕ್ಕಂದಿನಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಬಂದರೆ ನಮ್ಮ ಜಗಲಿ ತುಂಬಿಹೋಗೋದು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ದಾರ ಕಟ್ಟಿದ ತಟ್ಟೆ, ಎರಡೂ ತಾಗಿದಾಗ ಎದೆಯೊಳಗೆ ಏನೋ ಅಲುಗಾಡಿದ ಹಾಗೆ. ರಾತ್ರಿ ಶುರುವಾದ ಕಥೆ ಕೋಳಿ ಕೂಗೋವರೆಗೂ. ಸಂಕಮ್ಮನ ಕಷ್ಟ ಬಂದಾಗ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಳ್ಳೋರು. ಬೆಳಗ್ಗೆ ಬಾವಿಕಟ್ಟೆ ಹತ್ತಿರ ಅದೇ ಕಥೆ ಮತ್ತೊಂದು ಸಲ, ಈ ಸಲ ನಮ್ಮ ಅವ್ವನ ಬಾಯಲ್ಲಿ. ಆ ಕಡೆ ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ಇದೇ ಕೆಲಸ ಮಾಡೋರು. ಮಲೆಯಿಂದ ಬಯಲಿಗೆ, ಚಿಕ್ಕಲ್ಲೂರಿಂದ ನಮ್ಮ ಜಗಲಿಗೆ ಕಥೆ ಬಂದದ್ದು ಹೀಗೆ. ಹಾಡಿದವರು ಒಕ್ಕಲಲ್ಲಿ ಒಬ್ಬರು, ಕೇಳಿದವರೂ ಒಕ್ಕಲೇ, ಜಾತ್ರೆಗೆ ಹೋಗೋರೂ ಅವರೇ, ಪಂಕ್ತಿಯಲ್ಲಿ ಕೂತು ಉಣ್ಣೋರೂ ಅವರೇ. ಕಥೆ ಅವರದಾಗಿತ್ತು, ಅದಕ್ಕೇ ನಡೆದುಹೋಯ್ತು.

ಹಾಲಿನ ಕಥೆಯೂ ಹಾಗೇ ನಡೆದುಕೊಂಡು ಬಂದದ್ದು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಎರಡೇ ಎರಡು ಊರಿನ ಸಂಘ, ದಿನಕ್ಕೆ 247 ಲೀಟರ್ ಹಾಲು. ಈಗಿನ ನಮ್ಮ ಹೋಬಳಿಯ ಒಂದು ದೊಡ್ಡ ಸಂಘದಲ್ಲೇ ಅದಕ್ಕಿಂತ ಜಾಸ್ತಿ ಬರಬಹುದು. ಅದೇ ಬೆಳೆದು ಅಮೂಲ್ ಆಯ್ತು. ಕುರಿಯನ್ ಸಾಹೇಬರ ಹೆಸರು ಎಲ್ಲರಿಗೂ ಗೊತ್ತು. ಆದರೆ ನನಗೆ ತುಂಬ ಇಷ್ಟವಾದ ಸಂಗತಿ ಅವರು ಒಂದು ಸಿನಿಮಾ ಮಾಡಿಸಿದ್ದು. ಶ್ಯಾಮ್ ಬೆನಗಲ್ ಅವರ 'ಮಂಥನ್', 1976. ಹಾಲಿನ ಸಂಘ ಕಟ್ಟೋಕೆ ಊರಿಗೆ ಬರುವ ದನದ ಡಾಕ್ಟರ ಪಾತ್ರ ನಮ್ಮ ಗಿರೀಶ್ ಕಾರ್ನಾಡರದು. ದುಡ್ಡು ಹಾಕಿದವರು ಯಾರು ಗೊತ್ತಲ್ವಾ? 5 ಲಕ್ಷ ರೈತರು, ತಲೆಗೆ ಎರಡೆರಡು ರೂಪಾಯಿ. ಸಿನಿಮಾ ಬಿಡುಗಡೆಯಾದಾಗ ಲಾರಿ ಲಾರಿಯಲ್ಲಿ ಜನ ಬಂದ್ರಂತೆ, "ನಮ್ಮ ಸಿನಿಮಾ" ನೋಡೋಕೆ. ನೋಡದೆ ಇರ್ತಾರಾ? ಎರಡು ರೂಪಾಯಿ ಹಾಕಿದ್ದಾರಲ್ಲ!

ಅಷ್ಟಕ್ಕೇ ನಿಲ್ಲಲಿಲ್ಲ. ಆ ಸಿನಿಮಾದ ಪ್ರತಿಗಳನ್ನು ಬೇರೆ ರಾಜ್ಯದ ಹಳ್ಳಿಗಳಿಗೆ ಕಳಿಸಿದರು. ಜೊತೆಗೆ ಒಬ್ಬ ದನದ ಡಾಕ್ಟರು, ಒಬ್ಬ ಹಾಲಿನ ಪರೀಕ್ಷೆ ಗೊತ್ತಿದ್ದವರು, ಒಬ್ಬ ಮೇವಿನ ವಿಷಯ ಬಲ್ಲವರು. ನೋಡಿ, ಮೇವು ಅಲ್ಲೂ ಬಂತು! ಬೇರೆ ಊರಿನ ರೈತರನ್ನು ರೈಲು ಹತ್ತಿಸಿ ಆನಂದ್‌ಗೆ ಕರಕೊಂಡು ಹೋಗಿ ಅಲ್ಲಿನ ರೈತರ ಕೊಟ್ಟಿಗೆ ತೋರಿಸಿದ್ದೂ ಉಂಟು. ಸಾಹೇಬರು ಹೇಳಿದ್ದನ್ನು ಜನ ಕೇಳಿಸಿಕೊಳ್ತಾರೆ, ಇನ್ನೊಬ್ಬ ರೈತ ಹೇಳಿದ್ದನ್ನು ಮನೆಗೆ ತರ್ತಾರೆ.

ನಮ್ಮ ರಾಜ್ಯಕ್ಕೆ ಈ ಸಂಘದ ಬುದ್ಧಿ ಹೊಸದೇನಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಅನ್ನೋ ಹೆಸರು ಅದಕ್ಕಿದೆ. ಹಾಲಿಗೆ ಬಂದ್ರೆ, 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಶುರುವಾಯ್ತು. ಆಗ ನಾವಿನ್ನೂ ಮೈಸೂರು ಜಿಲ್ಲೆ, ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಆಮೇಲೆ 'ನಂದಿನಿ' ಅನ್ನೋ ಹೆಸರು ಬಂತು, ನಿಗಮ ಹೋಗಿ ಮಹಾಮಂಡಳ ಆಯ್ತು. ಈಗ ರಾಜ್ಯದಲ್ಲಿ 14 ಸಾವಿರಕ್ಕೂ ಹೆಚ್ಚು ಊರಿನ ಸಂಘಗಳಿವೆ. ಅಂದ್ರೆ ದಿನಕ್ಕೆ ಎರಡು ಹೊತ್ತು 14 ಸಾವಿರ ಸಾಲು. ಒಂದು ಸಾಲಿನಲ್ಲಿ ಹುಟ್ಟಿದ ಮಾತು ಎಲ್ಲಿಗೆ ಬೇಕಾದ್ರೂ ಹೋದೀತು, ಅಲ್ವಾ?

ಇಷ್ಟು ಹೇಳುವಾಗ ನಮ್ಮ ಹುಡುಗ ಒಂದು ಒಳ್ಳೇ ಪ್ರಶ್ನೆ ಎತ್ತಿದ. "ಮಾವ, ಗುಂಡ್ಲುಪೇಟೆ ಕಡೆ ಚೆಂಡು ಹೂವು ಇದೆಯಲ್ಲ, ಅದೂ ಹಾಗೇ ಹರಡಿತಲ್ಲ. ಅಲ್ಲಿ ಸಂಘ ಎಲ್ಲಿದೆ?" ಹೌದು, ಅದನ್ನು ನೋಡಿದ್ದೀರಲ್ವಾ? ಮಳೆ ಶುರುವಾದ ಮೇಲೆ ಊಟಿ, ವಯನಾಡಿಗೆ ಹೋಗುವ ದಾರಿಯ ಎರಡೂ ಕಡೆ ನೆಲಕ್ಕೆ ಹಳದಿ ಬಳಿದ ಹಾಗೆ. ಕೇರಳದಿಂದ ಕಾರಿನಲ್ಲಿ ಬಂದವರು ಇಳಿದು ಫೋಟೋ ತೆಗೆಸಿಕೊಳ್ಳೋದೇ ಒಂದು ಜಾತ್ರೆ. ಆ ಹೂವಿನಲ್ಲಿ ಬಹುಪಾಲು ದೇವರಿಗೂ ಹೋಗೋದಿಲ್ಲ, ಮುಡಿಗೂ ಹೋಗೋದಿಲ್ಲ. ಕಾರ್ಖಾನೆಗೆ ಹೋಗಿ, ಬಣ್ಣ ತೆಗೆದು, ಅದನ್ನು ಕೋಳಿ ಮೇವಿಗೂ ಸೇರಿಸ್ತಾರೆ, ಮೊಟ್ಟೆಯ ಭಂಡಾರ ಕೆಂಪಾಗಲಿ ಅಂತ. ಯಾವುದೋ ಊರಿನ ತಟ್ಟೆಯ ಆಮ್ಲೆಟ್ಟಿನಲ್ಲಿ ನಮ್ಮ ಗುಂಡ್ಲುಪೇಟೆಯ ಹೊಲ!

ಅದು ಕಂಪನಿಯವರ ಜೊತೆಗಿನ ಒಪ್ಪಂದದ ಬೇಸಾಯ. ಬೀಜ ಅವರದು, ಕೊಳ್ಳೋದು ಅವರು, ದರ ಮೊದಲೇ ಮಾತು. ಹೊಲ ರಸ್ತೆ ಬದಿ ಕಣ್ಣು ಕುಕ್ಕುವ ಹಾಗಿರೋದ್ರಿಂದ ಸುದ್ದಿಯೂ ಬೇಗ ಹರಡಿತು. ಅದರಿಂದ ಎಷ್ಟೋ ಮನೆಗೆ ಅನುಕೂಲ ಆಗಿದೆ, ಬೇಡ ಅನ್ನೋಕಾಗಲ್ಲ. ಆದರೆ ಒಂದು ವ್ಯತ್ಯಾಸ ನೋಡು ಅಂದೆ. ಚೆಂಡು ಹೂವಿನ ಬೀಜ ಬೇಲಿ ಮೇಲಿಂದ ಬರೋದಿಲ್ಲ. ಕಂಪನಿಯವರು ಬರದೆ ಇದ್ದ ವರ್ಷ ಆ ಮಾತು ಅಲ್ಲಿಗೇ ನಿಲ್ಲುತ್ತೆ. ಹಾಲಿನ ಸಂಘದಲ್ಲಿ ಅಜ್ಜಿಯದೂ ಒಂದು ಷೇರು ಇದೆ. ಐದು ಹಸು ಕಟ್ಟಿದವರಿಗೂ ಒಂದೇ ಓಟು, ಒಂದು ಚೊಂಬು ಹಾಲು ತರುವ ಅಜ್ಜಿಗೂ ಒಂದೇ ಓಟು. ವರ್ಷದ ಕೊನೆಗೆ ಬೋನಸ್ಸಿನಲ್ಲಿ ಪಾಲು. ಯಾರು ಬರಲಿ ಬಿಡಲಿ, ಅದು ಅವಳ ಮನೆ ಮಾತು.

ಇನ್ನೂ ಒಂದು ಇದೆ, ಇದನ್ನು ನಾನು ಯೋಚನೆ ಮಾಡಿದಾಗಲೆಲ್ಲ ಮನಸ್ಸು ತುಂಬುತ್ತೆ. ನಮ್ಮ ಊರುಗಳಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಅನ್ನೋದು ಇವತ್ತಿಗೂ ಇದೆ, ಮುಚ್ಚಿಡೋದು ಏನಿಲ್ಲ. ಒಂದು ಕಾಲಕ್ಕೆ ಒಬ್ಬರ ಮನೆ ನೀರು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಆದರೆ ಸಂಘದ ಸಾಲಿನಲ್ಲಿ ಮೊದಲು ಬಂದವರು ಮುಂದೆ, ಆಮೇಲೆ ಬಂದವರು ಹಿಂದೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಒಂದು ಸಲ ಸೇರಿದ ಮೇಲೆ ಬ್ರಹ್ಮ ಬಂದ್ರೂ ಬೇರೆ ಮಾಡೋಕಾಗಲ್ಲ. ಕೆಳಗಿನ ಬೀದಿಯ ಅಜ್ಜಿಯ ಹುಲ್ಲು ಮೇಲಿನ ಬೀದಿಯ ಕೊಟ್ಟಿಗೆಗೆ ಬಂದದ್ದು ಆ ಸಾಲು ಇದ್ದದ್ದರಿಂದಲೇ. ಇಲ್ಲದಿದ್ರೆ ಅಜ್ಜಿಯ ಬಚ್ಚಲ ಹಿಂದೆ ಏನು ಬೆಳೆದಿದೆ ಅಂತ ಯಾರು ಹೋಗಿ ನೋಡ್ತಿದ್ದರು?

"ಆದ್ರೆ ಮಾವ, ಜನ ಜನಕ್ಕೆ ತಪ್ಪು ವಿಷಯ ಹೇಳಿದ್ರೆ?" ಅಂದ ಹುಡುಗ. ಹೇಳ್ತಾರೆ, ಯಾಕಿಲ್ಲ? ಒಂದು ವರ್ಷ ಯಾವುದೋ ಪುಡಿಯ ಹುಚ್ಚು ಹಿಡಿದಿತ್ತು ನಮ್ಮ ಬೀದಿಗೆ. ಯಾರೋ ಸ್ಕೂಟರಿನಲ್ಲಿ ಬಂದು ಮಾರಿದ್ದು, ಹೆಸರೂ ನೆನಪಿಲ್ಲ. ತಿನ್ನಿಸಿದ್ರೆ ಹಾಲು ದುಪ್ಪಟ್ಟು ಅಂದಿದ್ದ. ನಮ್ಮ ಬೇಲಿಯಾಚೆಯ ಅಕ್ಕನೂ ತಗೊಂಡರು, ನಾಲ್ಕು ಜನಕ್ಕೆ ಹೇಳಿದರು. ಹದಿನೈದು ದಿನ ಆದ್ರೂ ಹಾಲು ಅಷ್ಟೇ, ಹಸುವಿಗೆ ಬೇಧಿ ಬೇರೆ. ಸ್ಕೂಟರಿನವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಕ್ಕ ಮಾತ್ರ ಬೆಳಗ್ಗೆ ಅದೇ ಸಾಲಿಗೆ ಬಂದರು. ಬಂದು, ಎಲ್ಲರ ಮುಂದೆ, "ಹಾಕ್ಬೇಡಿ ಕನ್ರವ್ವ ಅದ. ನನ್ನ ಹಸ ಎರಡು ದಿನ ಮೇವೇ ಮುಟ್ನಿಲ್ಲ" ಅಂದರು. ಅವತ್ತೇ ಊರಲ್ಲಿ ಪುಡಿ ಬಂದ್.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಸ್ಕೂಟರಿನವನ ಮಾತಿಗೂ ಅಕ್ಕನ ಮಾತಿಗೂ ಇರುವ ಅಂತರ ಇಲ್ಲಿದೆ. ಹೇಳಿದ ಮಾತು ಸುಳ್ಳಾದರೂ ಅಕ್ಕ ನಾಳೆ ಬೆಳಗ್ಗೆ ಅದೇ ಸಾಲಿನಲ್ಲಿ ಸಿಗ್ತಾರೆ. ಸಿಗಲೇಬೇಕು, ಹಾಲು ಹಾಕಬೇಕಲ್ಲ! ಅದಕ್ಕೇ ಅವರು ಹೇಳಿದ್ದಕ್ಕೆ ತೂಕ. ನಿನ್ನ ಕಂಪನಿಯವರು ಜನರ ಬಳಗ ಕಟ್ಟಬೇಕು ಅಂದ್ರೆ ಮೊದಲು ಅಂಥ ಒಂದು ಸಾಲು ಕಟ್ಟಲಿ. ದಿನಾ ಒಂದೇ ಹೊತ್ತಿಗೆ ಜನ ಬಂದು ಸೇರೋಕೆ ಅವರದೇ ಒಂದು ಕಾರಣ ಇರಲಿ. ಅಳತೆ ಎಲ್ಲರಿಗೂ ಕಾಣೋ ಹಾಗಿರಲಿ. ಲಾಭದಲ್ಲಿ ಅವರಿಗೂ ಪಾಲಿರಲಿ. ತಪ್ಪಾದಾಗ "ತಪ್ಪಾಯ್ತು" ಅನ್ನೋಕೆ ಕಂಪನಿಯವರೂ ಅದೇ ಸಾಲಿನಲ್ಲಿ ನಿಂತಿರಲಿ. ವಿಚಾರ ಹರಡೋ ಕೆಲಸವನ್ನು ಜನವೇ ಮಾಡ್ತಾರೆ, ಬೇಡ ಅಂದ್ರೂ ಮಾಡ್ತಾರೆ.

ಅವನು ಫೋನಿನಲ್ಲಿ ಏನೇನೋ ಬರಕೊಂಡ. ಬರಕೊಳ್ಳೋವಾಗ ಅವನ ಹಿಂದೆ ನಿಂತಿದ್ದ ಮುದುಕರೊಬ್ಬರು, "ಸಾಲು ನಡೀತಾ ಅದ, ಮುಂದಕ್ಕೆ ಹೋಗಪ್ಪ" ಅಂದರು. ಹೋದ.

ನಮ್ಮ ಕಡೆಯವರಿಗೆ ಇದೆಲ್ಲ ಹೊಸ ಪಾಠವೇನಲ್ಲ ಬಿಡಿ. ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ಮಾತ್ರ ಎಲ್ಲರ ತಲೆಯಲ್ಲೂ ಇರೋದು. ಹೊಸ ರಾಗಿ ತಳಿ ಯಾರ ಹೊಲದಲ್ಲಿ ಚೆನ್ನಾಗಿ ತೆನೆ ಕಟ್ಟಿದೆ, ಯಾರ ನೇಗಿಲು ಹಗುರ, ಇದೆಲ್ಲ ಗೊತ್ತಾಗ್ತಿದ್ದದ್ದು ಮುಯ್ಯಾಳಾಗಿ ಹೋದಾಗಲೇ. ಕಳೆ ಕೀಳುತ್ತಾ ಕೀಳುತ್ತಾ ಊರಿನ ಜ್ಞಾನವೆಲ್ಲ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗೋದು. ಈಗ ಹೊಂಡರಬಾಳಿನ ಅಮೃತಭೂಮಿಯಲ್ಲೂ ಇದೇ ತಾನೇ ನಡೆಯೋದು? ರೈತಸಂಘದ ಪ್ರೊಫೆಸರ್ ನಂಜುಂಡಸ್ವಾಮಿಯವರು ಕನಸು ಕಂಡ ಜಾಗ. ಅಲ್ಲಿ ರೈತರಿಗೆ ರೈತರೇ ಮೇಷ್ಟ್ರು.

ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ಹುಲ್ಲಿನ ಕಡ್ಡಿ ಅಲ್ಲೇ ಬಿಸಿಲಿಗೆ ಬಿದ್ದಿತ್ತು. ಸಂಜೆ ಗುದ್ದಲಿ ಹಿಡಿದು ಬದಿಯಲ್ಲಿ ಊರುತ್ತಾ ಹೋದೆ. ಒಂದು ಗಿಣ್ಣು ಒಳಗೆ, ಒಂದು ಹೊರಗೆ. ಎಣಿಸಿದೆ, ನಲವತ್ತೆರಡು ಕಡ್ಡಿ. ಸಂಘಕ್ಕೆ ಹೊರಟಿದ್ದ ಅಕ್ಕ ಕ್ಯಾನು ಕಂಕುಳಲ್ಲಿಟ್ಟುಕೊಂಡೇ ಬೇಲಿ ಹತ್ತಿರ ನಿಂತು, ಸಾಲು ನೆಟ್ಟಗಿದೆಯಾ ಅಂತ ನೋಡಿದರು.

"ಬಲಿತ್ಮೇಲೆ ಆ ಕಡೆ ಮನೇವ್ರಿಗೂ ಒಂದ್ ಹೊರೆ ಕೊಟ್ಬುಡು" ಅಂದರು.

"ಅಕ್ಕ, ಅವರ ಮನೇಲಿ ಹಸೂನೇ ಇಲ್ವಲ್ಲ?"

"ಹುಲ್ಲು ಅದ ಅಂದ್ರೆ ಹಸ ಬತ್ತದ ಬುಡು" ಅಂದು, ಹೊತ್ತಾಯ್ತು ಅಂತ ಬಿರಬಿರನೆ ಸಂಘದ ಕಡೆ ನಡೆದರು.